ಹಳದಿ ಕಂಡರೆ ತಲೆಕೆಳಗು

ಅವರಿಗೆ ವಿಪರೀತ ಕೊಬ್ಬು ಎಂದು ನಾನು ಎರಡು ವರ್ಷ ನಂಬಿದ್ದೆ. ನಾನೊಬ್ಬಳೇ ಅಲ್ಲ, ಇಡೀ ಕಾಲೇಜು ನಂಬಿತ್ತು. ಹೋದ ತಿಂಗಳು ಅವರು ಹೃದಯಾಘಾತವಾಗಿ ತೀರಿಕೊಂಡ ಸುದ್ದಿ ಬಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದ್ದೂ ಅದನ್ನೇ. "ಒಳ್ಳೆ ಕೆಲಸಗಾರ ಕಣ್ರೀ. ಆದ್ರೆ ಪಕ್ಕದಲ್ಲೇ ನಿಂತು ಕೈ ಮುಗಿದ್ರೂ ತಿರುಗಿ ನೋಡ್ತಿರ್ಲಿಲ್ಲ." ಉಳಿದವರು ಹೌದೌದು ಎಂದರು. ನಾನು ಬಾಯಿ ಬಿಡಬೇಕಿತ್ತು. ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಯೋಚಿಸುವಷ್ಟರಲ್ಲಿ ಮಾತು ಪರೀಕ್ಷೆಯ ಡ್ಯೂಟಿಗೆ ಹೊರಳಿತು. ಅವರ ವಿಷಯ ನನಗೆ ಈಗಲೂ ಪೂರ್ತಿ ಗೊತ್ತಾಗಿಲ್ಲ. ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಸೋಲದೇವನಹಳ್ಳಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಎಂಜಿನಿಯರಿಂಗ್ ಹುಡುಗರಿಗೆ ಕನ್ನಡ ಎಂದರೆ ವಾರಕ್ಕೆ ಒಂದು ಗಂಟೆ, ಅದೂ ಊಟ ಆದಮೇಲೆ, ಅರ್ಧ ತರಗತಿ ನಿದ್ದೆಯಲ್ಲಿ. ನಾನು ಸೇರಿದಾಗ ಸ್ಟಾಫ್ ರೂಮಿನಲ್ಲಿ ನನಗೊಂದು ಮೇಜು ಹಾಕಲು ಜಾಗ ಇರಲಿಲ್ಲ. ವರ್ಕ್‌ಶಾಪಿನ ಒಂದು ಮೂಲೆಗೆ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿಸಿ, "ಸದ್ಯಕ್ಕೆ ಇಲ್ಲಿರಿ ಮೇಡಂ" ಎಂದರು. ಆ ಸದ್ಯ ಆರು ವರ್ಷ ನಡೆಯಿತು. ಅಡ್ಡಗೋಡೆಯ ಈಚೆ ನಾನು ಮತ್ತು ನನ್ನ ಉತ್ತರಪತ್ರಿಕೆಗಳು. ಆಚೆ ಕಬ್ಬಿಣ ಕಡೆಯುವ ಲೇತ್ ಮಷಿನ್ನುಗಳು, ಮರಗೆಲಸದ ಬೆಂಚುಗಳು, ಮತ್ತು ಅವರು.

ಅವರು ವರ್ಕ್‌ಶಾಪಿನ ಫೋರ್‌ಮನ್. ಆಗ ಐವತ್ತೈದರ ಹತ್ತಿರ ಇದ್ದಿರಬೇಕು. ಹುಣಸಮಾರನಹಳ್ಳಿಯವರು. ವಾಯುನೆಲೆಯ ಮಗ್ಗುಲಿನ ಊರಾದ್ದರಿಂದ ಹುಟ್ಟಿದಾಗಿನಿಂದಲೂ ತಲೆಯ ಮೇಲೆ ವಿಮಾನ ಕಂಡವರು. ಅವರ ಮಾತಿನಲ್ಲಿ 'ಹ' ಎಂಬ ಅಕ್ಷರವೇ ಇರಲಿಲ್ಲ. ಹಾರುವುದು ಆರುತ್ತಿತ್ತು, ಹಳದಿ ಅಳದಿಯಾಗುತ್ತಿತ್ತು. ಮೊದಮೊದಲು ತಿದ್ದಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಆದರೆ ತಿದ್ದುವಷ್ಟು ಸಲಿಗೆ ಎಲ್ಲಿತ್ತು? ಬೆಳಿಗ್ಗೆ ಗೇಟಿನ ಹತ್ತಿರ ಪಕ್ಕದಲ್ಲೇ ನಡೆಯುತ್ತಾ ಕೈ ಮುಗಿದರೆ ಗೋಡೆಗೆ ಮುಗಿದಂತಾಗುತ್ತಿತ್ತು. ಒಂದು ವರ್ಷ ಕಾಲೇಜು ವಾರ್ಷಿಕೋತ್ಸವದಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ವೇದಿಕೆಯ ಮೇಲೆ ಪಕ್ಕದಿಂದ ಕೈ ಚಾಚಿದರು. ಇವರು ಆ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟು, ನೆಟ್ಟಗೆ ನೋಡುತ್ತಾ ಮೆಟ್ಟಿಲು ಇಳಿದು ಬಂದರು. ಕಾರ್ಯದರ್ಶಿಗಳ ಮುಖ ಕಪ್ಪಿಟ್ಟಿತು. ಹುಡುಗರು ಅವರಿಗೆ 'ಜಟಕಾ ಸರ್' ಎಂದು ಹೆಸರಿಟ್ಟಿದ್ದರು. ಕಣ್ಣಿನ ಅಕ್ಕಪಕ್ಕ ಪಟ್ಟಿ ಕಟ್ಟಿದ ಜಟಕಾ ಕುದುರೆಯ ಹಾಗೆ ಅತ್ತಿತ್ತ ನೋಡದೆ ಕಾರಿಡಾರಿನ ನಟ್ಟನಡುವೆ ನಡೆಯುತ್ತಿದ್ದರೆಂದು.

ಕೆಲಸದಲ್ಲಿ ಮಾತ್ರ ಬೆರಗು ಹುಟ್ಟಿಸುತ್ತಿದ್ದರು. ಹುಡುಗರು ಅರದಿಂದ ಉಜ್ಜಿ ತಂದ ಕಬ್ಬಿಣದ ತುಂಡನ್ನು ಹೆಬ್ಬೆರಳಿನಿಂದ ಸವರಿ, "ಈ ಮೂಲೇಲಿ ಇನ್ನೊಂದು ಕೂದ್ಲೆಳೆ ಐತೆ, ತೆಗಿ" ಎನ್ನುತ್ತಿದ್ದರು. ಅಳೆದು ನೋಡಿದರೆ ಹೌದು, ಇರುತ್ತಿತ್ತು.

ಜಾಲಹಳ್ಳಿ ಕ್ರಾಸಿನಲ್ಲಿ ಮೆಟ್ರೋ ಕಂಬಗಳು ಮಾತ್ರ ಎದ್ದು ನಿಂತಿದ್ದ ಕಾಲ. ಒಂದು ಮಧ್ಯಾಹ್ನ ಅವರು ದೊಡ್ಡದೊಂದು ನಕ್ಷೆಯ ಸುರುಳಿ ಹಿಡಿದುಕೊಂಡು ನನ್ನ ಮೇಜಿನ ಎದುರಿಗೆ ಬಂದು ನಿಂತರು.

"ಮೇಡಂ, ಒಂದು ಕೆಲ್ಸ ಐತೆ. ನಗಾಡ್ಬಾರ್ದು."

"ಹೇಳಿ ಸರ್."

ಸುರುಳಿ ಬಿಚ್ಚಿದರು. ವಿಮಾನದ ನಕ್ಷೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ನನ್ನ ಮೇಜಿಗಿಂತ ಉದ್ದ. ಜೊತೆಗೆ ಇಂಗ್ಲಿಷಿನಲ್ಲಿ ಹತ್ತು ಹನ್ನೆರಡು ಪುಟದ ಸೂಚನೆಗಳು. ನಕ್ಷೆ ಅವರಿಗೆ ಅಂಗೈ ಗೆರೆಯಷ್ಟು ಸಲೀಸು, ಆ ಪುಟಗಳು ಮಾತ್ರ ಕಷ್ಟ. "ಇಂಗ್ಲಿಷ್ ಮೇಡಂ ಅತ್ರ ಓದ್ರೆ ನಗಾಡ್ತಾರೆ. ನೀವು ಕನ್ನಡದೋರು. ಓದಿ ಯೋಳಿ, ಸಾಕು."

ರಿಮೋಟಿನಿಂದ ಹಾರಿಸುವ ವಿಮಾನ. ಅದರಲ್ಲೂ ಆಕಾಶದಲ್ಲಿ ಲಾಗ ಹಾಕುವ ಜಾತಿಯದು. ಹೆಸರಘಟ್ಟ ಕೆರೆಯಂಗಳದಲ್ಲಿ ಸಾದಾ ಥರ್ಮಾಕೋಲಿನ ವಿಮಾನವನ್ನು ಅವರು ನಾಲ್ಕೈದು ವರ್ಷದಿಂದ ಹಾರಿಸುತ್ತಿದ್ದಾರೆಂದು ಆಗ ಗೊತ್ತಾಯಿತು.

"ಅದು ಇದೆಯಲ್ಲ ಸರ್, ಮತ್ತೆ ಇದ್ಯಾಕೆ?"

"ನೆಟ್ಗೆ ಆರ್ಸದು ಬತ್ತದೆ. ಮಗುಚಿ ಆರ್ಸದು ಬರಕಿಲ್ಲ. ಅದೊಂದು ಕಲ್ತು ನಿಲ್ಲಿಸ್ಬುಡ್ತೀನಿ."

"ನಿಲ್ಲಿಸೋದ್ಯಾಕೆ?"

"ಸಾಕು ಅಂತ" ಎಂದು ಸುರುಳಿ ಸುತ್ತಿಕೊಂಡು ಹೋದರು.

ಪ್ರಿನ್ಸಿಪಾಲರಿಗೆ ಅವರು ಹೇಳಿದ್ದು, ವಸ್ತುಪ್ರದರ್ಶನಕ್ಕೆ ಮಾಡುತ್ತಿದ್ದೇನೆ ಎಂದು. ಹೆಂಡತಿಗೆ ಹೇಳಿದ್ದು, ಕಾಲೇಜಿನವರೇ ಮಾಡಲು ಹೇಳಿದ್ದಾರೆ ಎಂದು. ನನಗೆ ಹೇಳಿದ್ದು ಸಾಕು ಎಂದು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೂ ನನಗೆ ಏನೂ ಹೊಳೆಯಲಿಲ್ಲ.

ಹನ್ನೊಂದು ತಿಂಗಳು ಹಿಡಿಯಿತು. ಸಂಜೆ ನಾಲ್ಕೂವರೆಗೆ ಹುಡುಗರು ಹೋದಮೇಲೆ ಒಂದು ಗಂಟೆ ಅವರ ಕೆಲಸ, ನನ್ನ ಓದು. ಅವರು ಬಳಸುತ್ತಿದ್ದ ಬಾಲ್ಸಾ ಎಂಬ ಮರ ಹಪ್ಪಳದಷ್ಟು ಹಗುರ. ಒಂದೊಂದು ಹಲಗೆಯನ್ನೂ ಮೂಸಿ, ಬಗ್ಗಿಸಿ, ಯಲಹಂಕ ಹಳೇ ಊರಿನ ಬೆಳ್ಳಿ ಅಂಗಡಿಯವರಿಂದ ಎರವಲು ತಂದ ತಕ್ಕಡಿಯಲ್ಲಿ ತೂಗಿ ಎತ್ತಿಡುತ್ತಿದ್ದರು. ಎಡ ರೆಕ್ಕೆಗೂ ಬಲ ರೆಕ್ಕೆಗೂ ಎರಡು ಗ್ರಾಂ ವ್ಯತ್ಯಾಸ ಬಂತೆಂದು ಒಂದು ವಾರದ ಕೆಲಸವನ್ನು ಬಿಚ್ಚಿ ಹಾಕಿದರು. ರೆಕ್ಕೆಯ ತುದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗೆ ನಾನು ಕಷ್ಟಪಟ್ಟು 'ರೆಕ್ಕೆಯಂಚು' ಎಂಬ ಪದ ಕಟ್ಟಿ ಕೊಟ್ಟೆ. ಅವರು ಅದನ್ನು ಮರ್ಯಾದೆಯಿಂದ ಕೇಳಿಸಿಕೊಂಡು, ಕಡೆಯವರೆಗೂ 'ಕಿವಿ' ಎಂದೇ ಕರೆದರು.

ರೆಕ್ಕೆಯ ಮೇಲಿನ ಉಬ್ಬೂ ಕೆಳಗಿನ ಉಬ್ಬೂ ಒಂದೇ ಸಮ ಇರಬೇಕು ಎಂಬ ಸಾಲು ಓದಿದಾಗ ಅವರ ಮುಖ ಅರಳಿದ್ದು ನೆನಪಿದೆ. "ಅದೇ ಮೇಡಂ ಗುಟ್ಟು. ತಲೆಕೆಳ್ಗೆ ಮಾಡುದ್ರೂ ಅಂಗೇ ಆರ್ತೈತೆ. ಯಾವ್ದು ಮ್ಯಾಲೆ ಯಾವ್ದು ಕೆಳ್ಗೆ ಅಂತ ಅದಕ್ಕೆ ಗೊತ್ತಿಲ್ಲ, ಪಾಪ. ನಮ್ಗೆ ಗೊತ್ತಿರ್ಬೇಕು."

ರೆಕ್ಕೆಗೆ ಬಣ್ಣದ ತೆಳು ಹಾಳೆ ಹೊದಿಸುವ ಕೆಲಸಕ್ಕೆ ಇಸ್ತ್ರಿ ಪೆಟ್ಟಿಗೆ ಬೇಕು. ಬಿಸಿಗೆ ಹಾಳೆ ಮರಕ್ಕೆ ಅಂಟಿ ಬಿಗಿಯಾಗುತ್ತದೆ. ಅದನ್ನು ಅವರ ಮನೆಯಲ್ಲೇ ಮಾಡಿದ್ದು. ನಾನೂ ಒಂದು ಭಾನುವಾರ ಹೋಗಿದ್ದೆ. ಅವರ ಹೆಂಡತಿ ಕಾಫಿ ಕೊಡುತ್ತಾ, "ನನ್ ಸೀರೆಗೆ ಒಂದಿನ ಇಸ್ತ್ರಿ ಮಾಡ್ಕೊಟ್ಟೋರಲ್ಲ, ಇದ್ರ ಸೇವೆ ನೋಡಿ" ಎಂದು ನಕ್ಕರು. ಆಮೇಲೆ ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದು ತಗ್ಗಿದ ದನಿಯಲ್ಲಿ, "ಬೇಗ ಮುಗ್ಸಕ್ಕೆ ಯೋಳಿ ಮೇಡಂ. ದಿನ ಇಲ್ಲ" ಎಂದರು. ಬೇಸಿಗೆಯ ಗಾಳಿ ಶುರುವಾಗುವುದರೊಳಗೆ ಎಂದಿರಬೇಕು ಎಂದು ನಾನು ತಲೆಯಾಡಿಸಿದೆ.

ಮೇಲ್ಮೈಗೆ ಹಳದಿ. ಕೆಳಮೈಗೆ ಕಪ್ಪು ಬಿಳುಪಿನ ಅಗಲವಾದ ಪಟ್ಟೆ. "ನೆಲದ ಮ್ಯಾಲೆ ನಿಂತೋರಿಗೆ ಪಟ್ಟೆ ಕಂಡ್ರೆ ವಿಮಾನ ಸರಿಯಾಗೈತೆ ಅಂತ. ಅಳದಿ ಕಂಡ್ರೆ ತಲೆಕೆಳ್ಗಾಗೈತೆ ಅಂತ. ನೆಪ್ಪಿರ್ಲಿ ಮೇಡಂ."

"ನನಗ್ಯಾಕೆ ಸರ್ ನೆನಪಿರಬೇಕು?"

ಅವರು ಹಾಳೆಯ ಇನ್ನೊಂದು ಅಂಚಿನ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆದರು.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ನನ್ನ ಕಾರಿನಲ್ಲಿ ಹೊರಟೆವು. ರೆಕ್ಕೆಗಳು ಡಿಕ್ಕಿಯಲ್ಲಿ, ವಿಮಾನದ ಮೈ ಅವರ ತೊಡೆಯ ಮೇಲೆ, ಹಸುಗೂಸಿನ ಹಾಗೆ. ಹೆಸರಘಟ್ಟ ಕೆರೆಯಲ್ಲಿ ನೀರಿರಲಿಲ್ಲ. ಕಣ್ಣು ಹಾಯುವಷ್ಟು ದೂರ ಒಣಹುಲ್ಲು, ಅಲ್ಲಲ್ಲಿ ಕುರಿ. ಒಂದು ಕಡೆ ಏಳೆಂಟು ಜನ ಆಗಲೇ ತಮ್ಮ ವಿಮಾನಗಳನ್ನು ಜೋಡಿಸಿಕೊಂಡು ನಿಂತಿದ್ದರು. ಅವರ ಜೊತೆ ಸೇರುತ್ತಾರೆಂದುಕೊಂಡರೆ ಇವರು, "ಇನ್ನೂ ಮುಂದಕ್ಕೋಗಿ" ಎಂದು ಯಾರೂ ಇಲ್ಲದ ಕಡೆ ಕಾರು ನಿಲ್ಲಿಸಲು ಹೇಳಿದರು.

ವಿಮಾನ ಜೋಡಿಸಿ, ಬ್ಯಾಟರಿ ಹಾಕಿ, ಒಂದೊಂದು ಕಿವಿಯನ್ನೂ ಆಡಿಸಿ ನೋಡಿದರು. ನನ್ನ ಕೈಗೆ ವಿಮಾನ ಕೊಟ್ಟು ರಿಮೋಟ್ ಹಿಡಿದು ನಲವತ್ತು ಹೆಜ್ಜೆ ದೂರ ಹೋಗಿ ಸಂಪರ್ಕ ಪರೀಕ್ಷಿಸಿದರು. ವಾಪಸು ಬರುವಾಗ ದಾರಿ ಬದಿಯ ಕಲ್ಲನ್ನು ಎಡವಿ ಮುಗ್ಗರಿಸಿದರು. ಬುಟ್ಟಿಯಷ್ಟು ದಪ್ಪ ಕಲ್ಲು. ಅದನ್ನು ಹೇಗೆ ಎಡವಿದರು ಎಂದು ಅಚ್ಚರಿಯಾಯಿತು.

"ನೀವು ನನ್ ಬಲಗಡೆ ನಿಂತ್ಕಳಿ. ಅದ್ರ ಮ್ಯಾಲಿಂದ ಕಣ್ ಕೀಳ್ಬೇಡಿ. ನಾನು ಕೇಳ್ದಾಗ ಎಲ್ಲೈತೆ, ಏನ್ ಬಣ್ಣ ಕಾಣ್ತೈತೆ ಅಂತ ಯೋಳಿ."

ಇದೆಲ್ಲ ವಾಡಿಕೆ ಇರಬೇಕು ಎಂದುಕೊಂಡೆ.

ಗಟ್ಟಿ ಮಣ್ಣಿನ ಜಾಡಿನ ಮೇಲೆ ವಿಮಾನ ಇಪ್ಪತ್ತು ಮಾರು ಓಡಿ ನೆಲ ಬಿಟ್ಟಿತು. ನಾನು ಓದಿ ಹೇಳಿದ ಸಾಲುಗಳೆಲ್ಲ ಎದ್ದು ಹಾರಿದ ಹಾಗೆ. ಎಡಕ್ಕೆ ವಾಲುತ್ತಿತ್ತು, ಅವರು ರಿಮೋಟಿನ ಸಣ್ಣ ಗುಂಡಿಯನ್ನು ಟಿಕ್ ಟಿಕ್ ಎಂದು ಒತ್ತಿ ಸರಿಮಾಡಿದರು. ಎರಡು ಸುತ್ತು ಹಾಕಿಸಿದರು. ಆಮೇಲೆ ಮೂಗೆತ್ತಿ ಮೇಲಕ್ಕೆ, ಬೆನ್ನಿನ ಮೇಲೆ, ಕೆಳಕ್ಕೆ, ಮತ್ತೆ ನೆಟ್ಟಗೆ. ಒಂದು ಪೂರ್ತಿ ಲಾಗ. ನಾನು ಚಪ್ಪಾಳೆ ಹೊಡೆದೆ.

"ಈಗ ಮಗುಚ್ತೀನಿ" ಎಂದರು.

ವಿಮಾನ ಪಕ್ಕಕ್ಕೆ ಹೊರಳಿ ತಲೆಕೆಳಗಾಯಿತು. ಹಾಗೇ ತೇಲಿಕೊಂಡು ಬಲಕ್ಕೆ ಸಾಗಿತು. ಚೆನ್ನಾಗಿಯೇ ಸಾಗುತ್ತಿತ್ತು. ಆಗ ಅವರು ಕೇಳಿದರು: "ಎಲ್ಲೈತೆ?"

ತಮಾಷೆ ಎಂದುಕೊಂಡೆ. ವಿಮಾನ ಎದುರಿಗೇ ಇತ್ತು, ಹದ್ದಿನಷ್ಟು ದೊಡ್ಡದಾಗಿ.

"ಎಲ್ಲೈತೆ ಮೇಡಂ? ಎಲ್ಲೈತೆ?"

ತಿರುಗಿ ನೋಡಿದೆ. ಅವರು ಎಡಗಡೆಯ ಖಾಲಿ ಆಕಾಶ ನೋಡುತ್ತಿದ್ದರು. ಕತ್ತಲಲ್ಲಿ ಟಾರ್ಚು ಹಾಯಿಸಿ ಹುಡುಕುವವರ ಹಾಗೆ ಮುಖವನ್ನು ಸ್ವಲ್ಪಸ್ವಲ್ಪವೇ ಆ ಕಡೆ ಈ ಕಡೆ ಸರಿಸುತ್ತಿದ್ದರು.

"ಬಲಕ್ಕೆ ಸರ್! ಬಲಕ್ಕೆ!"

"ಎಷ್ಟು ಬಲಕ್ಕೆ?"

ಎಷ್ಟು ಎಂದು ಹೇಗೆ ಹೇಳುವುದು? ಇಷ್ಟು ಎಂದು ಕೈ ತೋರಿಸಿದೆ. ಆ ಕೈಯೂ ಅವರಿಗೆ ಕಾಣುತ್ತಿಲ್ಲ ಎಂದು ಹೊಳೆದದ್ದೇ, ಏನು ಮಾಡುತ್ತಿದ್ದೇನೆಂದು ಯೋಚಿಸದೆ, ಎರಡೂ ಕೈಯಿಂದ ಅವರ ತಲೆ ಹಿಡಿದು ವಿಮಾನದ ಕಡೆಗೆ ತಿರುಗಿಸಿದೆ. ಕಿವಿಯ ಪಕ್ಕದ ನರ ಪಟಪಟ ಬಡಿಯುತ್ತಿದ್ದುದು ನನ್ನ ಅಂಗೈಗೆ ತಿಳಿಯಿತು.

"ಒಸಿ ಮ್ಯಾಲೆ… ಸಿಕ್ತು. ಏನ್ ಬಣ್ಣ? ಬಿಸ್ಲಿಗೆ ಗೊತ್ತಾಯ್ತಿಲ್ಲ."

"ಪಟ್ಟೆ… ಅಲ್ಲ, ಹಳದಿ! ಹಳದಿ ಸರ್!"

ಅವರು ಬೆರಳು ಆಡಿಸಿದರು. ವಿಮಾನ ಹೊರಳಿ ಪಟ್ಟೆ ತೋರಿಸಿತು. ನಾನು ತಲೆಯಿಂದ ಕೈ ತೆಗೆಯಲಿಲ್ಲ. ಅವರೂ ತೆಗೆಯಿರಿ ಎನ್ನಲಿಲ್ಲ. ಹಾಗೇ ಇಬ್ಬರೂ ಅದನ್ನು ನೆಲಕ್ಕಿಳಿಸಿದೆವು. ಒಮ್ಮೆ ಕುಪ್ಪಳಿಸಿ, ಹುಲ್ಲಿನಲ್ಲಿ ಮೂಗು ಹೂತು ನಿಂತಿತು.

ಆಮೇಲೆ ಅವರು ಹುಲ್ಲಿನ ಮೇಲೆ ಕೂತು ಹೇಳಿದರು. ಕಣ್ಣೊಳಗಿನ ಒತ್ತಡವಂತೆ. ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತದಂತೆ. "ನೇರಕ್ಕಿರೋದು ಕಾಣ್ತದೆ. ಸೂಜಿಗೆ ದಾರ ಪೋಣ್ಸು ಅಂದ್ರೆ ಪೋಣಿಸ್ಕೊಡ್ತೀನಿ. ಪಕ್ಕದಾಗೆ ಆನೆ ನಿಂತಿದ್ರೂ ಕಾಣಕಿಲ್ಲ. ಕೊಳವೆ ಒಳಗಿಂದ ನೋಡ್ದಂಗೆ. ಆ ಕೊಳವೆ ವರ್ಷ ವರ್ಷಕ್ಕೂ ಸಣ್ಣಕಾಯ್ತಾ ಐತೆ." ನಾಲ್ಕು ವರ್ಷದಿಂದ ಔಷಧಿಯ ಹನಿ ಬಿಟ್ಟುಕೊಳ್ಳುತ್ತಿದ್ದರು. ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಿವೃತ್ತಿಗೆ ಇನ್ನೂ ಮೂರು ವರ್ಷ ಇತ್ತು.

ಗೇಟಿನ ಹತ್ತಿರ ನಾನು ಮುಗಿದ ಕೈ, ಕಾರ್ಯದರ್ಶಿಗಳ ಚಾಚಿದ ಕೈ, ಎಲ್ಲ ನನ್ನ ಕಣ್ಣ ಮುಂದೆ ಬಂದವು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಬಂತು. ಲೇತ್ ಮಷಿನ್ನು. ಅದರ ಸುತ್ತ ನಿಲ್ಲುವ ಇಪ್ಪತ್ತು ಮಕ್ಕಳು.

'ಯಾರ್ಗೂ ಯೋಳ್ಬೇಡಿ' ಎಂದು ಅವರು ಕೇಳಿಕೊಳ್ಳಬಹುದು ಎಂದು ಕಾದೆ. ಕೇಳಿದ್ದರೆ ಒಪ್ಪುತ್ತಿದ್ದೆನೋ ಜಗಳವಾಡುತ್ತಿದ್ದೆನೋ, ಏನೋ ಒಂದು ತೀರ್ಮಾನ ಆಗುತ್ತಿತ್ತು. ಅವರು ಕೇಳಲೇ ಇಲ್ಲ. "ಮುರಿದಿರೋದು ಮೂಗಿನ ಪಂಕ ಮಾತ್ರ. ಅತ್ತು ನಿಮ್ಷದ ಕೆಲ್ಸ" ಎಂದು ಎದ್ದರು.

ಸೋಮವಾರದಿಂದ ನನಗೆ ಉತ್ತರಪತ್ರಿಕೆ ತಿದ್ದಲಾಗಲಿಲ್ಲ. ಅಡ್ಡಗೋಡೆಯಾಚೆ ಲೇತಿನ ಸದ್ದು ಬದಲಾದಾಗಲೆಲ್ಲ ಪೆನ್ನು ನಿಲ್ಲುತ್ತಿತ್ತು. ಹೇಳುವುದು ನನ್ನ ಕರ್ತವ್ಯ ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಮಗುವಿನ ಉಗುರೂ ಕಿತ್ತು ಹೋಗದ ಹಾಗೆ ನೋಡಿಕೊಂಡ ಮನುಷ್ಯನ ಮೇಲೆ ಚಾಡಿ ಹೇಳಲು ನಾನ್ಯಾರು ಎಂದು ಸಂಜೆ ಅನ್ನಿಸುತ್ತಿತ್ತು. ಭಾನುವಾರ ಅವರು ಫೋನ್ ಮಾಡುತ್ತಿದ್ದರು. "ಗಾಳಿ ಕಮ್ಮಿ ಐತೆ. ಬತ್ತೀರಾ?" ಹೋಗುತ್ತಿದ್ದೆ. ಕೆರೆಯಂಗಳದಲ್ಲಿ ನಾನು ಅವರ ಕಣ್ಣು, ಕಾಲೇಜಿನಲ್ಲಿ ಅವರ ಮೇಲೆ ಕಣ್ಣು. ಒಂದು ದಿನ ಧೈರ್ಯ ಮಾಡಿ, "ಸರ್, ನೀವೇ ಪ್ರಿನ್ಸಿಪಾಲರಿಗೆ ಹೇಳಿಬಿಡಿ" ಎಂದೆ. "ಯೋಳ್ಬೇಕು" ಎಂದರು. ಯಾವಾಗ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಜುಲೈನಲ್ಲಿ ಹೊಸ ಮಕ್ಕಳು ಬಂದರು. ಒಂದು ಮಧ್ಯಾಹ್ನ ನಾನು ಫೈಲು ಹಿಡಿದು ವರ್ಕ್‌ಶಾಪಿನ ಬಾಗಿಲಲ್ಲಿದ್ದೆ. ಅವರು ಲೇತಿನ ಮುಂದೆ ಮಕ್ಕಳಿಗೆ ವಿವರಿಸುತ್ತಿದ್ದರು. ಹುಡುಗಿಯೊಬ್ಬಳು ಚೆನ್ನಾಗಿ ಕಾಣಲೆಂದು ಅವರ ಬಲಮಗ್ಗುಲಿಗೆ ಬಂದು ಬಗ್ಗಿದಳು. ಅವಳ ದುಪಟ್ಟಾದ ಅಂಚು ಮಷಿನ್ನಿನಲ್ಲಿ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ತಿರುಗುವ ಭಾಗದ ಮೇಲೆ ಇಳಿಬಿದ್ದಿತ್ತು. ಅವರ ಕೈ ಸ್ವಿಚ್ಚಿಗೆ ಹೋಯಿತು.

"ಸರ್!" ಎಂದು ನಾನು ಕಿರುಚಿದೆ.

ಮಷಿನ್ನು ಅರ್ಧ ಸುತ್ತು ತಿರುಗಿ ನಿಂತಿತು. ದುಪಟ್ಟಾದ ಅಂಚಿಗೆ ಗ್ರೀಸ್ ಹತ್ತಿ, ಬೆರಳುದ್ದ ಹರಿದಿತ್ತು. ಅಷ್ಟೇ. ಹುಡುಗಿ ನಾಲಿಗೆ ಕಚ್ಚಿ, "ಸಾರಿ ಸರ್, ಪಿನ್ ಹಾಕಿರ್ಲಿಲ್ಲ" ಎಂದು ನಕ್ಕಳು. ಮಕ್ಕಳೆಲ್ಲ ನಕ್ಕರು. ಅವರು ನಗಲಿಲ್ಲ. ನನ್ನ ದನಿ ಬಂದ ಕಡೆ ಮುಖ ತಿರುಗಿಸಿ, ನನ್ನನ್ನು ಆ ಕೊಳವೆಯೊಳಗೆ ಸಿಕ್ಕಿಸಿಕೊಂಡು, ಒಂದು ಗಳಿಗೆ ನೋಡಿದರು.

ಅವತ್ತೇ ಸಂಜೆ ನಾನು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಹೇಳಿದೆ. ನನ್ನ ಹೆಸರು ಬರಬಾರದು ಎಂದೂ ಕೇಳಿಕೊಂಡೆ. ಆ ಎರಡನೆಯ ಮಾತು ಯಾಕೆ ಆಡಿದೆನೋ. ಅದು ಇವತ್ತಿಗೂ ಚುಚ್ಚುತ್ತದೆ.

ವರ್ಕ್‌ಶಾಪ್ ಸಿಬ್ಬಂದಿಗೆಲ್ಲ ಕಣ್ಣಿನ ತಪಾಸಣೆ ಎಂದು ನೋಟಿಸು ಬಂತು. ಸಿಬ್ಬಂದಿ ಎಂದರೆ ಮೂರು ಜನ. ಇಬ್ಬರಿಗೆ ಕನ್ನಡಕದ ನಂಬರು ಬದಲಾಯಿತು. ಮೂರನೆಯವರು ಇವರು. ಇವರನ್ನು ಸ್ಟೋರಿಗೆ ಹಾಕಿದರು. ಸ್ಟೋರಿನಲ್ಲಿ ಕೂತು ಬೋಲ್ಟು ನಟ್ಟು ಎಣಿಸಿ ಕೊಡುವ ಕೆಲಸ. ಏಳು ತಿಂಗಳು ಮಾಡಿದರು. ಒಂದು ದಿನ ರಾಜೀನಾಮೆ ಕೊಟ್ಟು, ಕೊನೆಯ ದಿನ ಯಾರಿಗೂ ಹೇಳದೆ ಹೊರಟುಹೋದರು. ಬೀಳ್ಕೊಡುಗೆ ಸಮಾರಂಭಕ್ಕೆ ಶಾಲು ತಂದಿಟ್ಟಿದ್ದವರಿಗೆ ಕೋಪ ಬಂತು. "ಕೊಬ್ಬು ನೋಡ್ರೀ" ಎಂದರು.

ನೋಟಿಸು ಬಂದದ್ದು ಶುಕ್ರವಾರ. ಆ ಭಾನುವಾರ ಫೋನ್ ಬರುವುದಿಲ್ಲ ಎಂದುಕೊಂಡಿದ್ದೆ. ಆರೂವರೆಗೆ ಬಂತು. "ಗಾಳಿ ಕಮ್ಮಿ ಐತೆ. ಬತ್ತೀರಾ?" ದನಿಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ನನಗೆ ತಲೆ ಕೆಟ್ಟಂತಾಯಿತು. ಇವರಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ಕರೆಯುತ್ತಿದ್ದಾರೆಯೇ? ಹೋದೆ. ಅವತ್ತು ಮೂರು ಲಾಗ ಹಾಕಿಸಿದರು. ಹಾಗೇ ಒಂದೂವರೆ ವರ್ಷ ನಡೆಯಿತು. ತಲೆಕೆಳಗೆ ಹಾರಿಸುವುದನ್ನು ಅವರು ಪೂರ್ತಿ ಕಲಿತರು. ಕಲಿತು ನಿಲ್ಲಿಸುತ್ತೇನೆ ಎಂದಿದ್ದವರು ನಿಲ್ಲಿಸಲಿಲ್ಲ. ನಾನೂ ಕಲಿತೆ. 'ಬಲಕ್ಕೆ' ಎನ್ನುವುದು ಬಿಟ್ಟು, "ಗಡಿಯಾರದ ಎರಡು ಗಂಟೆ ಕಡೆ, ತೆಂಗಿನಮರದಷ್ಟು ಎತ್ತರ, ಪಟ್ಟೆ" ಎಂದು ಒಂದೇ ಉಸಿರಿಗೆ ಹೇಳುವುದನ್ನು. ಕೊಳವೆ ಕಿರಿದಾಗುತ್ತಿತ್ತು. ಮೊದಲು ಒಂದು ಹಾರಾಟಕ್ಕೆ ನಾಲ್ಕು ಸಲ ಕೇಳುತ್ತಿದ್ದವರು ಆಮೇಲೆ ಹಾರಾಟದ ನಾಲ್ಕು ನಿಮಿಷವೂ ಕೇಳುತ್ತಲೇ ಇದ್ದರು.

ಎಷ್ಟೋ ಸಲ ಹೇಳಿಬಿಡಬೇಕು ಎಂದುಕೊಂಡಿದ್ದೆ. ಕಾರಿನಲ್ಲಿ ಹೋಗುವಾಗ, ಹೆಸರಘಟ್ಟ ರಸ್ತೆಯ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ. ಬಾಯಿ ಬರುತ್ತಿರಲಿಲ್ಲ. ಕೊನೆಗೆ ಬಂದದ್ದು, ಬರಬಾರದ ಹೊತ್ತಿನಲ್ಲಿ. ವಿಮಾನ ಆಕಾಶದಲ್ಲಿತ್ತು. ಅವರು ಮೇಲೆ ನೋಡುತ್ತಿದ್ದರು, ನನ್ನ ಮುಖ ನೋಡುವ ಹಾಗಿರಲಿಲ್ಲ. ಅದಕ್ಕೇ ಧೈರ್ಯ ಬಂದಿರಬೇಕು.

"ಹನ್ನೊಂದು ಗಂಟೆ ಕಡೆ, ಪಟ್ಟೆ" ಎಂದೆ. ಆಮೇಲೆ, "ಸರ್, ಪ್ರಿನ್ಸಿಪಾಲರಿಗೆ ಹೇಳಿದ್ದು ನಾನು" ಎಂದೆ.

"ಗೊತ್ತು ಮೇಡಂ" ಎಂದರು ಅವರು. "ಈಗ ಎಲ್ಲೈತೆ, ಅದನ್ನ ಯೋಳಿ."

ನನಗೆ ಗೊತ್ತಿರಲಿಲ್ಲ. ನಾನು ಅವರ ಮುಖ ನೋಡುತ್ತಿದ್ದೆ.

ತಲೆ ಎತ್ತಿದೆ. ಹನ್ನೊಂದು ಗಂಟೆಯ ಕಡೆ ಇರಲಿಲ್ಲ. ಹನ್ನೆರಡರ ಕಡೆ ಇರಲಿಲ್ಲ. ಸೂರ್ಯ ಕಣ್ಣಿಗೆ ಹೊಡೆಯಿತು. "ಸರ್, ಕಾಣ್ತಿಲ್ಲ" ಎಂದೆ. ಅವರು ವೇಗ ತಗ್ಗಿಸಿದರು, ಬೆರಳನ್ನು ಸ್ಥಿರವಾಗಿಟ್ಟು ಕಿವಿಗೊಟ್ಟರು. ಮೋಟಾರಿನ ಸದ್ದು ಎಲ್ಲಿಂದಲೋ ಸಣ್ಣಗೆ ಬಂತು, ಗಾಳಿಗೆ ಹೋಯಿತು, ಮತ್ತೆ ಬರಲಿಲ್ಲ.

ಮಧ್ಯಾಹ್ನದವರೆಗೆ ಹುಡುಕಿದೆವು. ಅವರು ನನ್ನ ಮೊಣಕೈ ಹಿಡಿದು ನಡೆದರು. ಕುರಿ ಕಾಯುವವರಿಬ್ಬರು ತಾವೂ ಹುಡುಕಿದರು. ಆ ಕಡೆ ಹಾರಿಸುತ್ತಿದ್ದವರು ಬೈಕು ತಂದು ನೀಲಗಿರಿ ತೋಪಿನ ತನಕ ಹೋಗಿ ಬಂದರು. ಹುಲ್ಲು ಸೊಂಟದವರೆಗಿತ್ತು, ಅದೂ ಹಳದಿ. ಸಿಗಲಿಲ್ಲ. ನಾನು ಅಳುತ್ತಿದ್ದೆ. ಅತ್ತಿದ್ದು ವಿಮಾನಕ್ಕೋ, ದುಪಟ್ಟಾಕ್ಕೋ, ಶುಕ್ರವಾರದ ನೋಟಿಸಿಗೋ ನನಗೇ ತಿಳಿಯದು.

"ಬಿದ್ದ ಸದ್ದು ಕೇಳುಸ್ತಾ ನಿಮ್ಗೆ?" ಎಂದು ಕೇಳಿದರು.

"ಇಲ್ಲ ಸರ್."

"ನಂಗೂ ಕೇಳುಸ್ನಿಲ್ಲ" ಎಂದು, ಮೊದಲ ಸಲ ನನ್ನೆದುರು ಗಟ್ಟಿಯಾಗಿ ನಕ್ಕರು. ಕೋಪದ ನಗುವೋ, ನೋವಿನದೋ, ನಿಜಕ್ಕೂ ನಗು ಬಂದಿತ್ತೋ ಎಂದು ಮುಖ ನೋಡಿದೆ. ಮುಖದಿಂದ ಏನೂ ಗೊತ್ತಾಗಲಿಲ್ಲ.

'ಗೊತ್ತು' ಎಂದರಲ್ಲ, ಯಾವಾಗಿನಿಂದ ಗೊತ್ತಿತ್ತು? ನಾನು ಪ್ರಿನ್ಸಿಪಾಲರಿಗೆ ಹೇಳಲಿ ಎಂದೇ ನನ್ನನ್ನು ಕೆರೆಗೆ ಕರೆದುಕೊಂಡು ಹೋದರೇ? ಅಥವಾ ಯಾರಿಗೂ ಹೇಳುವುದಿಲ್ಲ ಎಂದು ನನ್ನನ್ನು ನಂಬಿದ್ದರೇ? ಮನೆ ಮುಂದೆ ಅವರನ್ನು ಇಳಿಸುವಾಗ ಕೇಳಬೇಕೆಂದುಕೊಂಡೆ. ಅವರ ಹೆಂಡತಿ ಗೇಟು ತೆರೆದು, ಖಾಲಿ ಕೈ ನೋಡಿ, ಏನೂ ಕೇಳದೆ ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು.

ವಾರವೆಲ್ಲ ಆ ಯೋಚನೆಯಲ್ಲೇ ಕಳೆಯಿತು. ಭಾನುವಾರ ಬೆಳಿಗ್ಗೆ ಆರೂವರೆಗೆ ಫೋನ್ ಬಂತು.

"ಗಾಳಿ ಕಮ್ಮಿ ಐತೆ ಮೇಡಂ. ಬತ್ತೀರಾ?"

"ಯಾತಕ್ಕೆ ಸರ್? ವಿಮಾನ ಇಲ್ವಲ್ಲ?"

"ಹುಡುಕಕ್ಕೆ" ಎಂದರು. 'ಹ' ಸ್ಪಷ್ಟವಾಗಿ ಕೇಳಿಸಿತೋ, ನನಗೆ ಹಾಗನ್ನಿಸಿತೋ.

ಕಾರಿನ ಕೀಲಿ ತೆಗೆದುಕೊಂಡೆ.